ಬಯೋಡೇಟಾ ಅಳತೆಯ ಸೈಕಲ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಯಾರು ಕಟ್ಟಿದರೋ ಗೊತ್ತಿಲ್ಲ, ಆದರೆ ಅದು ನಮ್ಮಣ್ಣನಂಥವರ ಕಿವಿಗೆ ಬೀಳಬಾರದಿತ್ತು. ಸೈಟು ಮಾರುವಾಗ ಮೂವತ್ತಡಿ ರಸ್ತೆಯನ್ನು ನಲವತ್ತಡಿ ಎನ್ನುವುದು ಅವನ ಪ್ರಕಾರ ಸುಳ್ಳಲ್ಲ, ವ್ಯವಹಾರದ ಭಾಷೆ. ಹಾಗಾಗಿ ಮಗಳ ಮದುವೆಗೆ ಬಯೋಡೇಟಾ ಬರೆಸುವಾಗ ಅವಳ ಎತ್ತರದಲ್ಲಿ ನಾಲ್ಕಿಂಚು ಕತ್ತರಿಸಿದ್ದಕ್ಕೆ ಅವನಿಗೆ ಏನೂ ಅನ್ನಿಸಲಿಲ್ಲ.

ಅಣ್ಣನ ಹೆಸರು ಲಕ್ಕಣ್ಣ. ಅಟ್ಟೂರಿನಲ್ಲಿ ನಮ್ಮಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ತೋಟದ ಮೇಲೆ ಈಗ ಅವನು ಕಟ್ಟಿಸಿದ ಅಪಾರ್ಟ್‌ಮೆಂಟುಗಳು ನಿಂತಿವೆ. ನಾನು ನಾಗಲಕ್ಷ್ಮಿ, ಅವನ ತಂಗಿ, ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳುವವರಿಗೆ ಈ ಕಥೆ ಹೇಳಿದರೆ ಸಾಕು, ಮತ್ತೆ ಕೇಳುವುದಿಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮಗಳು ಮೋನಿಷಾಳನ್ನು ಬೆಳೆಸಿದವಳು ನಾನು. ಭುಜ ಹಿಂದೆ, ಎದೆ ಮುಂದೆ, ಗಲ್ಲ ಮೇಲೆ ಎಂದು ನಿಲ್ಲುವುದನ್ನು ಕಲಿಸಿದವಳೂ ನಾನೇ. ಹೈಜಂಪಿನಲ್ಲಿ ಅವಳು ಜಿಲ್ಲೆಗೆ ಮೊದಲು ಬಂದಿದ್ದಳು. ಈಗ ಅಲ್ಲಾಳಸಂದ್ರದಲ್ಲಿ ನಾಯಿ, ಬೆಕ್ಕು, ಹಸುಗಳನ್ನು ನೋಡುವ ಡಾಕ್ಟರು. ಎತ್ತರ ಐದಡಿ ಒಂಬತ್ತಿಂಚು. ದೊಡ್ಡ ನಾಯಿಯನ್ನು ಒಬ್ಬಳೇ ಎತ್ತಿ ಮೇಜಿನ ಮೇಲೆ ಮಲಗಿಸುತ್ತಾಳೆ, ಕ್ಲಿನಿಕ್ಕಿಗೆ ಹೋಗುವ ಮೊದಲು ಹಳೆಯ ಗೇರ್ ಸೈಕಲ್ಲಿನಲ್ಲಿ ಕೆರೆ ಸುತ್ತಿ ಬರುತ್ತಿದ್ದಳು.

ಮದುವೆ ಬ್ರೋಕರ್ ಮನೆಗೆ ಬಂದ ದಿನದಿಂದ ಇದೆಲ್ಲ ತಪ್ಪಾಯಿತು. ಹೆಣ್ಣು ಇಷ್ಟು ಎತ್ತರ ಇದ್ದರೆ ಗಂಡು ಸಿಗುವುದಿಲ್ಲ ಎಂದು ಅವನು ಹೇಳಿದ್ದೇ ತಡ, ಬಯೋಡೇಟಾದಲ್ಲಿ ಅವಳು ಐದಡಿ ಐದಿಂಚಾದಳು. ಹೀಲ್ಸ್ ಅಟ್ಟಕ್ಕೆ ಹೋದವು, ಚಪ್ಪಟೆ ಚಪ್ಪಲಿ ಬಂದವು. ಕೆರೆ ಸುತ್ತುವುದನ್ನೂ ಅಣ್ಣ ನಿಲ್ಲಿಸಿದ.

"ಸೈಕಲ್ ತುಳುದ್ರೆ ಕಾಲು ಇನ್ನೂ ಉದ್ದ ಆಯ್ತವೆ ಕಣಮ್ಮಿ, ಬ್ಯಾಡ" ಎಂದ.

ಇಪ್ಪತ್ತೇಳು ವರ್ಷದ ಹುಡುಗಿಯ ಕಾಲು ಇನ್ನೂ ಉದ್ದವಾಗುತ್ತವಂತೆ! ಇಂಥ ಬುದ್ಧಿವಂತರ ಕೈಗೆ ಬೆಂಗಳೂರಿನ ಭೂಮಿ ಸಿಕ್ಕಿದೆ. ನೆಂಟರು ಬಂದರೆ "ಸ್ವಲ್ಪ ಬಗ್ಗಿ ನಿಂತ್ಕೊಳಮ್ಮ", ಫೋಟೊ ತೆಗೆದರೆ "ಸ್ವಲ್ಪ ಬಗ್ಗು". ನೋಡನೋಡುತ್ತ ಅವಳ ಭುಜ ಮುಂದಕ್ಕೆ ಬಾಗಿತು. ನಾನು ವರ್ಷಗಟ್ಟಲೆ ನೆಟ್ಟಗೆ ಮಾಡಿದ ಬೆನ್ನನ್ನು ಇವರು ಮಾತಿನಲ್ಲೇ ಮುರಿಯುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೊನೆಗೆ ಬಾಗಲೂರಿನ ಕಡೆಯಿಂದ ಸಂಬಂಧ ಬಂತು. ಹುಡುಗ ಮಹೇಂದ್ರ. ಏರ್‌ಪೋರ್ಟ್ ಹತ್ತಿರದ ಜಮೀನಿನಲ್ಲಿ ಗೋಡೌನುಗಳು, ಅವುಗಳ ಬಾಡಿಗೆಯೇ ಉದ್ಯೋಗ. ತಾಯಿ ನಾರಾಯಣಮ್ಮ ಮಾತಿಗೆ ಕೂತರೆ ಪಕ್ಕದಲ್ಲಿ ಗಂಡ ಇದ್ದಾನೆಂಬುದು ಯಾರಿಗೂ ನೆನಪಿರುವುದಿಲ್ಲ. ಹುಡುಗನ ಬಯೋಡೇಟಾದಲ್ಲಿ ಎತ್ತರ ಐದಡಿ ಹತ್ತಿಂಚು ಎಂದಿತ್ತು.

ಹೆಣ್ಣು ನೋಡುವುದು ಮನೆಯಲ್ಲಿ ಬೇಡ, ಹೋಟೆಲಿನಲ್ಲಿ ಆಗಲಿ ಎಂದರು ನಾರಾಯಣಮ್ಮ. ನಾಜೂಕಿನ ಜನ ಎಂದು ನಮ್ಮಣ್ಣ ಹಿಗ್ಗಿದ. ನನಗೆ ಕಾರಣ ಅಲ್ಲಿ ಹೋದ ಮೇಲೆ ತಿಳಿಯಿತು. ಮನೆಯಲ್ಲಾದರೆ ಶೂ ಬಾಗಿಲ ಹೊರಗೆ ಬಿಡಬೇಕು, ಹೋಟೆಲಿನಲ್ಲಿ ಬಿಡಬೇಕಾಗಿಲ್ಲ. ಅವನ ಶೂಗಳ ಅಟ್ಟೆ ಇಡ್ಲಿಯಷ್ಟು ದಪ್ಪ ಇತ್ತು. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಸವೆದ ಕಣ್ಣು ನನ್ನದು. ಅಟ್ಟೆ ಕಳೆದರೆ ಹುಡುಗ ಐದಡಿ ಐದಿಂಚು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಮೋನಿಷಾ ಕೂತಲ್ಲಿಂದ ಏಳದ ಹಾಗೆ ಅಣ್ಣ ನೋಡಿಕೊಂಡ. ಅವನು ಏಳದ ಹಾಗೆ ಅವರಮ್ಮ ನೋಡಿಕೊಂಡರು. ಹೊರಡುವಾಗ ಏಳಲೇಬೇಕಾಯಿತಲ್ಲ, ಆಗ ಎಲ್ಲರೂ ಬಿಲ್ಲು ಯಾರು ಕೊಡಬೇಕೆಂಬ ಜಗಳದಲ್ಲಿ ತಲೆ ತಗ್ಗಿಸಿಕೊಂಡರು.

ಮರುದಿನ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತ ಮೋನಿಷಾ ನನ್ನ ಹತ್ತಿರ ಮನಸ್ಸು ಬಿಚ್ಚಿದಳು.

"ಅತ್ತೆ, ಅವ್ರು ಗಿಡ್ಡ ಇರೋದು ನಂಗೆ ಪ್ರಾಬ್ಲಮ್ಮೇ ಅಲ್ಲ. ಮನುಷ್ಯ ಕೆಟ್ಟೋರ ಥರ ಕಾಣಲ್ಲ. 'ನೀವು ನನಗಿಂತ ಉದ್ದ ಇದೀರ' ಅಂತ ನಗ್ತಾ ಒಂದ್ ಸಲ ಹೇಳ್ಬಿಟ್ರೆ ಸಾಕು, ನಾನು ನೆಟ್ಟಗೆ ನಿಂತ್ಕೋತೀನಿ. ಹೇಳ್ಲಿಲ್ಲ ಅಂದ್ರೆ ಜೀವನಪೂರ್ತಿ ಹಿಂಗೇ ಬಗ್ಗಿಕೊಂಡೇ ಇರ್ಬೇಕಲ್ಲ."

"ನೀನೇ ಕೇಳಿಬಿಡು" ಎಂದೆ.

"ಹೈಟ್ ಎಷ್ಟು ಅಂತ ಗಂಡಿನ್ನ ಕೇಳಿದ್ರೆ ಅಪ್ಪ ನನ್ನ ಮನೆಗೆ ಸೇರಿಸ್ತಾರಾ?"

ಕೇಳುವ ಸಂದರ್ಭ ತಾನಾಗಿಯೇ ಬಂತು. ಒದಗಿಸಿದವರು ನಾರಾಯಣಮ್ಮ.

ವರದಕ್ಷಿಣೆ ಕೇಳುವವರು ನಮ್ಮಲ್ಲಿ ಈಗ ಯಾರೂ ಇಲ್ಲ, ಎಲ್ಲರೂ ಸುಧಾರಿಸಿದ್ದಾರೆ. "ನಮ್ಗೇನೂ ಬ್ಯಾಡ" ಎಂದು ಮೊದಲು ಹೇಳುತ್ತಾರೆ. ಬೇಡವಾದದ್ದು ಏನು ಎಂಬುದನ್ನು ಆಮೇಲೆ ವಿವರವಾಗಿ ಹೇಳುತ್ತಾರೆ. ನಾರಾಯಣಮ್ಮನ ಫೋನು ಬಂದಾಗ ಅಣ್ಣ ಸ್ಪೀಕರಿಗೆ ಹಾಕಿದ್ದ.

"ನಮ್ಗೇನೂ ಬ್ಯಾಡ ಬೀಗ್ರೆ. ಕಾರೈತೆ, ಮನೆ ಐತೆ. ನಮ್ಮುಡುಗ ಒಬ್ಬ, ಅದೇನೋ ಬೆಟ್ಟ ಅತ್ತೋ ಸೈಕಲ್ಲಂತೆ, ಬ್ಯಾಟ್ರಿದಂತೆ, ಅದೊಂದು ಆಸೆ ಇಟ್ಕಂಡವ್ನೆ. ನಾನು ಬೈದೆ. ಬೀಗ್ರು ಎಲ್ಲಿಂದ ತರ್ತಾರೋ ಸುಮ್ಕಿರು ಅಂದೆ."

ಬೆಟ್ಟ ಹತ್ತುವ ಆಸೆ ಎಷ್ಟಿತ್ತು ಎಂಬುದನ್ನು ನಾನು ಫೋನಿನಲ್ಲಿ ನೋಡಿದ್ದೆ. ಪ್ರತಿ ಭಾನುವಾರ ಅವನು ತನ್ನ ಹಳೆಯ ಸೈಕಲ್ಲನ್ನು ಜೀಪಿನ ಬೆನ್ನಿಗೆ ಕಟ್ಟಿಕೊಂಡು ನಂದಿಬೆಟ್ಟದ ಬುಡಕ್ಕೆ ಹೋಗಿ, ಹೆಲ್ಮೆಟ್ ಹಾಕಿಕೊಂಡು, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಿಂತು ಫೋಟೊ ಹಾಕುತ್ತಿದ್ದ. ಸೈಕಲ್ ಮೇಲೆ ಕೂತ ಫೋಟೊ ಒಂದೂ ಇರಲಿಲ್ಲ.

ಸೈಕಲ್ ತಾನೆ ಎಂದು ಅಣ್ಣ ನಿರಾಳವಾಗಿ ಹೊರಟ. ನಾನೂ ಮೋನಿಷಾಳೂ ಜೊತೆಗೆ ಹೋದೆವು. ಅಂಗಡಿ ಹೆಬ್ಬಾಳದಲ್ಲಿ. ಮಾಲೀಕ ನದೀಮ್ ಆರ್.ಟಿ. ನಗರದವನು, ಗಡ್ಡ ಚೆನ್ನಾಗಿ ಟ್ರಿಮ್ ಮಾಡಿಸಿದ್ದ, ಮಾತು ಅದಕ್ಕಿಂತ ಚೆನ್ನಾಗಿತ್ತು. ಬೆಲೆ ಕೇಳಿದ ಅಣ್ಣ ಕೂರಲು ಕುರ್ಚಿ ಹುಡುಕಿದ.

"ಮೋಟ್ರು ಎಷ್ಟು ಎಚ್‌ಪಿ?" ಎಂದು ಕೇಳಿದ ಕೂತ ಮೇಲೆ. ಬೋರ್‌ವೆಲ್ ಬಿಟ್ಟರೆ ಬೇರೆ ಮೋಟರು ಅವನಿಗೆ ಗೊತ್ತಿಲ್ಲ.

"ಇದು ಆ ಲೆಕ್ಕ ಅಲ್ಲ ಸರ್" ಎಂದ ನದೀಮ್. "ಮೋಟ್ರು ಎಲ್ಲಿದೆ ಅಂತ ನೋಡ್ಬೇಕು. ಹಿಂದಿನ ಚಕ್ರದೊಳಗೆ ಇದ್ರೆ ರೋಡಿಗೆ ಸಾಕು, ರೇಟೂ ಕಮ್ಮಿ. ಬೆಟ್ಟ ಹತ್ತೋರಿಗೆ ಪೆಡಲ್ ಹತ್ರ ಇರೋದೇ ಬೇಕು. ಗೇರ್ ಜೊತೆ ಸೇರಿ ಎಳೆಯುತ್ತೆ, ಕಾಲು ಸ್ವಲ್ಪ ಒತ್ತಿದ್ರೆ ಸಾಕು."

"ಬೆಟ್ಟದ್ದೇ ಕೊಡಪ್ಪ. ಬೀಗ್ರು ಅಂಗೇ ಏಳವ್ರೆ."

ಕಪ್ಪು ಬಣ್ಣ ಶುಭಕಾರ್ಯಕ್ಕೆ ಆಗುವುದಿಲ್ಲವೆಂದು ಅರಿಶಿನ ಬಣ್ಣದ್ದನ್ನು ಆರಿಸಿದ. ಬ್ಯಾಟರಿಯ ಬಾಯಿ ಯಾವ ದಿಕ್ಕಿಗಿದೆ ಎಂದು ಬಗ್ಗಿ ನೋಡಿದ, ವಾಸ್ತು ಕೇಳುತ್ತಾನೇನೋ ಎಂದುಕೊಂಡೆ, ಸದ್ಯ ಕೇಳಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ನದೀಮ್ ಕೊಕ್ಕೆ ಹಾಕಿದ.

"ಓಡಿಸೋರು ಯಾರು ಸರ್? ಕರ್ಕೊಂಡ್ ಬನ್ನಿ. ಫ್ರೇಮ್ ಸೈಜ್ ನೋಡ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ ಬದಲಾಯಿಸ್ಬೋದು, ಫ್ರೇಮ್ ಬದಲಾಯಿಸೋಕಾಗಲ್ಲ."

ಗಂಡು ಅಂಗಡಿಗೆ ಬರುವುದುಂಟೆ? ಬಂದರೆ ಕೇಳಿ ತೆಗೆದುಕೊಂಡ ಹಾಗಾಗುತ್ತದೆ. ಅವರು ಕೇಳಬಾರದು, ನಾವು ಕೊಡದೆ ಇರಬಾರದು, ಇದು ನಮ್ಮ ಕಡೆಯ ಮರ್ಯಾದೆ.

"ಹಾಗಾದ್ರೆ ಅಳತೆ ತನ್ನಿ" ಎಂದ ನದೀಮ್. "ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಸಿ, ತೊಡೆ ಸಂದಿಗೆ ಒಂದು ಪುಸ್ತಕ ಒತ್ತಿ ಹಿಡೀರಿ. ಪುಸ್ತಕದಿಂದ ನೆಲಕ್ಕೆ ಎಷ್ಟು ಅಂತ ಟೇಪಲ್ಲಿ ನೋಡಿ."

ಅಣ್ಣನ ಮುಖ ನೋಡುವ ಹಾಗಿತ್ತು. "ಬೀಗ್ರ ಮಗನ ತೊಡೆ ಸಂದಿಗೆ ನಾನು ಪುಸ್ತಕ ಇಡೀಲಾ?"

"ಹೈಟ್ ಆದ್ರೂ ಹೇಳಿ ಸರ್."

"ಐದು ಅಡಿ ಅತ್ತು ಇಂಚು."

"ಐದು ಐದು" ಎಂದೆ ನಾನು.

ಅಣ್ಣ ನನ್ನನ್ನು ಅಂಗಡಿಯ ಮೂಲೆಗೆ ಎಳೆದುಕೊಂಡು ಹೋದ. "ನಿಂಗೆ ಬುದ್ಧಿ ಐತಾ ನಾಗಿ? ಬಯೋಡೇಟಾದಾಗೆ ಅತ್ತು ಇಂಚು ಅಂತ ಬರ್ದವ್ರೆ. ನಾವು ಚಿಕ್ಕ ಸೈಕಲ್ ತಕ್ಕೊಂಡೋಗಿ ಮುಂದೆ ನಿಲ್ಸಿದ್ರೆ, ನಿಮ್ಮುಡುಗ ಗಿಡ್ಡ ಅಂತ ಮಕಕ್ಕೇ ಏಳ್ದಂಗಾಯ್ತದೆ. ಸಂಬಂಧ ಉಳಿಯುತ್ತಾ?"

"ಬಿದ್ದು ಸೊಂಟ ಮುರ್ಕೊಂಡ್ರೆ?"

"ಮುರ್ಕಂಡ್ರೆ ಅವ್ರೇ ಮುರ್ಕಂಡಂಗಾಯ್ತು. ನಮ್ಮಿಂದ ಅವಮಾನ ಆಗ್ಬಾರ್ದು."

ಕಣ್ಣಿಗೆ ಕಾಣುವ ಮನುಷ್ಯನನ್ನು ಬಿಟ್ಟು, ಕಾಗದದಲ್ಲಿರುವ ಮನುಷ್ಯನಿಗೆ ಸೈಕಲ್ ಕೊಡಿಸುವ ಜನ ನಾವು.

ಅಷ್ಟರಲ್ಲಿ ಮೋನಿಷಾ ಫೋನ್ ತೆಗೆದು ಮಹೇಂದ್ರನಿಗೆ ಮಾಡಿಯೇಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ, ಎರಡೂ ಕಡೆಯ ಮಾತು ಕೇಳಿಸುತ್ತಿತ್ತು.

"ಮಹೇಂದ್ರ ಅವ್ರೇ, ಒಂದ್ ವಿಷ್ಯ. ಬರಿಗಾಲಲ್ಲಿ ನಿಮ್ಮ ಹೈಟ್ ಎಷ್ಟಿದೆ? ಸೈಕಲ್ ಸೈಜ್ ತಪ್ಪಾದ್ರೆ ಬೀಳ್ತೀರ, ಅದಕ್ಕೇ ಕೇಳ್ತಿದೀನಿ. ಎಷ್ಟಿದ್ರೂ ನಂಗೆ ಪರ್ವಾಗಿಲ್ಲ, ನಿಜವಾಗ್ಲೂ ಪರ್ವಾಗಿಲ್ಲ."

ಇನ್ನೇನು ನಿಜ ಹೇಳಿಬಿಡುತ್ತಾನೆ ಎಂದು ನನಗೂ ಅನ್ನಿಸಿತು.

"ಬಯೋಡೇಟಾದಲ್ಲಿ ಇದೆಯಲ್ರೀ" ಎಂದ. "ಫೈವ್ ಟೆನ್. ಲಾರ್ಜ್ ಹೇಳ್ಬಿಡಿ. ನಂದು ಯಾವಾಗ್ಲೂ ಲಾರ್ಜೇ."

ಅವಳು ಸರಿ ಎಂದು ಫೋನ್ ಇಟ್ಟಳು. ಮುಖ ಸಣ್ಣದಾಗಿತ್ತು.

"ಲಾರ್ಜ್ ಅಂತೆ" ಎಂದಳು ನದೀಮ್‌ಗೆ.

"ಅದಕ್ಕಿಂತ ದೊಡ್ಡದು ಐತಾ? ಒಂದೇ ರೇಟಾದ್ರೆ ದೊಡ್ಡದೇ ಕೊಡಪ್ಪ" ಎಂದ ಅಣ್ಣ.

ಸೈಕಲ್ಲು ಚದರಡಿ ಲೆಕ್ಕದಲ್ಲಿ ಬರುವುದಿಲ್ಲ ಎಂದು ನದೀಮ್ ಕೈಮುಗಿದು ತಿಳಿಹೇಳಿದ ಮೇಲೆ ಲಾರ್ಜೇ ಗಟ್ಟಿಯಾಯಿತು. ಬಿಲ್ಲು ಮಾಡುವಾಗ ಮೋನಿಷಾ ಸೈಕಲ್ಲಿನ ಹ್ಯಾಂಡಲ್ ಮುಟ್ಟಿದಳು. ಕೂತು ನೋಡಿ ಮೇಡಂ ಎಂದ ನದೀಮ್. ಗಂಡಿಗೆ ಕೊಡುವ ವಸ್ತು, ಮೈಲಿಗೆ ಮಾಡಬೇಡ ಎಂದು ಅಣ್ಣ ಗದರಿದ. ಅವಳು ಕೈ ತೆಗೆದಳು.

ಮುಂದಿನ ಶುಕ್ರವಾರ ನಾವು ಬಾಗಲೂರಿಗೆ ಮನೆ ನೋಡುವ ಶಾಸ್ತ್ರಕ್ಕೆ ಹೋದೆವು. ಹಿಂದೆಲ್ಲ ಹುಡುಗಿ ಹೋಗುವ ಪದ್ಧತಿ ಇರಲಿಲ್ಲ. ಈಗ ಹೋಗುತ್ತಾರೆ, ಅದೂ ಸುಧಾರಣೆಯೇ. ಮೋನಿಷಾ ಚೂಡಿದಾರ ಹಾಕಿದ್ದಳು, ಕಾಲಲ್ಲಿ ಅದೇ ಚಪ್ಪಟೆ ಚಪ್ಪಲಿ. ತಟ್ಟೆಗಳಲ್ಲಿ ಹಣ್ಣು, ಹೂವು, ಸೀರೆ, ಅವುಗಳ ಹಿಂದೆ ಟೆಂಪೋದಲ್ಲಿ ಸೈಕಲ್. ಅದರ ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿ, ಬ್ಯಾಟರಿಗೆ ಕುಂಕುಮ ಇಟ್ಟು, ಎರಡು ಚಕ್ರದ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ಯಾವುದೇ ಆಗಲಿ, ನಿಂಬೆಹಣ್ಣು ಜಜ್ಜಿಯೇ ಹೊರಡಬೇಕು.

ಅಂಗಳದ ತುಂಬ ಅವರ ನೆಂಟರು. ಎಲ್ಲರ ಫೋನೂ ಮೇಲೆದ್ದಿತ್ತು. ಪೂಜೆಯ ಜಾಗ ಎಂದು ಪುರೋಹಿತರು ಮಹೇಂದ್ರನ ಶೂ ಬಿಚ್ಚಿಸಿದರು. ಅವನು ಬರಿಗಾಲಲ್ಲಿ ಸೈಕಲ್ಲಿನ ಪಕ್ಕ ಬಂದು ನಿಂತ. ಎಲ್ಲರ ಕಣ್ಣೂ ಸೈಕಲ್ಲಿನ ಮೇಲಿನ ಕಂಬಿಗೆ ಹೋಗಿ, ಅಲ್ಲಿಂದ ಅವನ ಸೊಂಟಕ್ಕೆ ಹೋಗಿ, ಮತ್ತೆ ಕಂಬಿಗೆ ಬಂದವು.

"ಸೀಟು ಎತ್ತರ ಆಯ್ತು, ಇಳುಸ್ರೋ" ಎಂದರು ಒಬ್ಬರು.

ಸೀಟನ್ನು ಪೂರ್ತಿ ಇಳಿಸಿದರು. ತೊಂದರೆ ಇದ್ದದ್ದು ಸೀಟಿನಲ್ಲಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅವನು ಸೈಕಲ್ಲನ್ನು ಓರೆ ಮಾಡಿಸಿ, ಇಬ್ಬರ ಕೈಲಿ ಹಿಡಿಸಿಕೊಂಡು, ಹೇಗೋ ಹತ್ತಿ ಕೂತ. ನನಗೆ ನಿಜವಾಗಿ ಭಯವಾಯಿತು. "ನಿಧಾನ ಕಣಪ್ಪಾ" ಎಂದು ನಾನೇ ಕೂಗಿದೆ. ಸೋದರಮಾವನೊಬ್ಬ ಪ್ರೀತಿಯಿಂದ ಮೋಟರನ್ನು ಜೋರಿನ ಮಟ್ಟಕ್ಕೆ ಇಟ್ಟ.

ಮಹೇಂದ್ರ ಪೆಡಲ್ ಒತ್ತಿದ. ಮುಂದಿನ ಚಕ್ರ ನಿಂಬೆಹಣ್ಣನ್ನು ಪಚಕ್ ಎಂದು ಜಜ್ಜಿತು. ಹಿಂದಿನ ಚಕ್ರ ತನ್ನದನ್ನು ಮುಟ್ಟುವ ಮೊದಲೇ ಸೈಕಲ್ಲು ಅವನು ಎಣಿಸದಷ್ಟು ಜೋರಾಗಿ ಎಗರಿ ವಾಲಿತು. ಅವನು ಗಾಬರಿಯಾಗಿ ಬ್ರೇಕ್ ಹಿಡಿದು, ಕಾಲು ಊರಲು ಸೀಟಿನಿಂದ ಮುಂದಕ್ಕೆ ಜಾರಿದ. ಕಾಲು ನೆಲಕ್ಕೆ ತಲುಪುವ ಮೊದಲು ಬೇರೇನೋ ಕಂಬಿಗೆ ತಲುಪಿತು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಅವನು ಸೈಕಲ್ಲನ್ನು ಕೈಬಿಟ್ಟು, ಮೊಣಕಾಲು ಜೋಡಿಸಿಕೊಂಡು, ರಂಗೋಲಿಯ ಮೇಲೆ ಕೂತುಬಿಟ್ಟ.

ಫೋನುಗಳು ಕೆಳಗಿಳಿದವು. ನಾರಾಯಣಮ್ಮ ಮಗನ ಹತ್ತಿರ ಓಡಿಹೋಗಿ, ಅಲ್ಲಿಂದಲೇ ನಮ್ಮ ಕಡೆ ತಿರುಗಿದರು.

"ಏನ್ ಬೀಗ್ರೆ ಇದು? ನಮ್ಮುಡುಗನ್ನ ನಾಲ್ಕು ಜನ್ರ ಮುಂದೆ ಬೀಳ್ಸೋಕೆ ಇಂಥದ್ದು ತಂದ್ರಾ?"

"ತಪ್ಪಾಯ್ತಮ್ಮ" ಎಂದ ನಮ್ಮಣ್ಣ, ಕೈಮುಗಿದು. "ಅಂಗಡಿಯವ್ನು ಮೋಸ ಮಾಡ್ಬಿಟ್ಟ."

ಅಳತೆ ಕೇಳಿ ಕೇಳಿ ಸುಸ್ತಾದ ನದೀಮ್ ಈಗ ಮೋಸಗಾರನಾದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಡೊಂಕೆಂದು ಒಪ್ಪಿಕೊಳ್ಳಲು ನಮ್ಮಣ್ಣನೇ ಮುಂದೆ ಬಂದಿದ್ದ.

ಮೋನಿಷಾ ಹೋಗಿ ಮಹೇಂದ್ರನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಏಟು ಬಿತ್ತಾ, ನೀರು ಬೇಕಾ ಎಂದು ಕೇಳಿದಳು. ಆಮೇಲೆ ಅವನಿಗೂ ಹತ್ತಿರವಿದ್ದ ನನಗೂ ಮಾತ್ರ ಕೇಳುವ ಹಾಗೆ ಹೇಳಿದಳು:

"ಮೀಡಿಯಮ್ ಸೈಜ್ ತರಿಸ್ಬೋದು. ನದೀಮ್ ಅವ್ರ ಹತ್ರ ನಾನೇ ಮಾತಾಡ್ತೀನಿ. 'ನನಗೆ ಇದು ದೊಡ್ಡದಾಯ್ತು' ಅಂತ ನೀವೊಂದ್ ಮಾತು ಹೇಳಿ ಸಾಕು."

ಅವನು ತಾಯಿಯನ್ನು ನೋಡಿದ, ನೆಂಟರನ್ನು ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: "ನಾನ್ ಫೈವ್ ಟೆನ್ನೇ ಕಣ್ರೀ. ಈ ಫ್ರೇಮೇ ಸರಿಯಿಲ್ಲ. ಡಿಫೆಕ್ಟ್ ಪೀಸು."

ಮೋನಿಷಾ ಎದ್ದಳು. ನಾನು ನೋಡುತ್ತಿದ್ದೆ. ಅವಳು ಏಳುತ್ತಲೇ ಇದ್ದಳು, ನಿಲ್ಲಿಸಲೇ ಇಲ್ಲ. ಭುಜ ಹಿಂದೆ ಹೋಯಿತು, ಎದೆ ಮುಂದೆ ಬಂತು, ಗಲ್ಲ ಮೇಲಾಯಿತು. ತಿಂಗಳುಗಳಿಂದ ನಾನು ನೋಡದೆ ಇದ್ದ ಹುಡುಗಿ ಅಂಗಳದ ನಡುವೆ ನಿಂತಿದ್ದಳು. ಮಹೇಂದ್ರ ಕೂತಲ್ಲಿಂದ ಎದ್ದು ಅವಳ ಮುಖ ನೋಡಿದ. ಅದಕ್ಕೆ ತಲೆ ಎತ್ತದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಅವಳು ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. ಸೀಟನ್ನು ಮೇಲಕ್ಕೆ ಎಳೆದಳು. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ, ಕಂಬಿಯ ಆಚೆಗೆ ಕಾಲು ಹಾಕಿ ನಿಂತಳು. ಎರಡು ಪಾದವೂ ನೆಲದ ಮೇಲೆ ಪೂರ್ತಿ ಊರಿದ್ದವು, ಕಂಬಿಗೂ ಅವಳಿಗೂ ನಡುವೆ ಬೇಕಾದಷ್ಟು ಜಾಗವಿತ್ತು. ಮೋಟರನ್ನು ಕೆಳಗಿನ ಮಟ್ಟಕ್ಕಿಳಿಸಿ, ಸೈಕಲ್ಲನ್ನು ಒಂದು ಸುತ್ತು ತಿರುಗಿಸಿಕೊಂಡು ಬಂದು, ಉಳಿದಿದ್ದ ಎರಡನೆಯ ನಿಂಬೆಹಣ್ಣಿನ ಮೇಲೆ ಹಾಯಿಸಿದಳು.

"ಅಪ್ಪಾ, ಡಿಫೆಕ್ಟ್ ಏನಿಲ್ಲ. ಸೈಜ್ ಸರಿಯಾಗೇ ಇದೆ" ಎಂದಳು. "ಮನೆಗೆ ಹೋಗೋಣ."

ನಾರಾಯಣಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಅಲ್ಲ ಬೀಗ್ರೆ, ಐದು ಐದು ಅಂತ ಬರ್ದಿದ್ರಲ್ಲ! ಇಷ್ಟುದ್ದ ಉಡುಗೀನ ಕಟ್ಟೋಕೆ ನಮ್ಗೇ ಸುಳ್ಳು ಏಳಿದ್ರಾ?"

ಸುಳ್ಳೆಂದರೆ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. ಅಣ್ಣ ನೆಲ ನೋಡುತ್ತ ನಿಂತಿದ್ದ, ಇನ್ನೊಂದು ಸಲ ತಪ್ಪಾಯ್ತು ಎನ್ನಲು ಬಾಯಿ ತೆರೆದಿದ್ದ.

"ಹೌದಮ್ಮಾ, ಸುಳ್ಳು" ಎಂದಳು ಮೋನಿಷಾ. "ನನ್ ಹೈಟು ಐದು ಒಂಬತ್ತು. ಇನ್ಮೇಲೆ ಕೇಳಿದೋರಿಗೆಲ್ಲ ಅಷ್ಟೇ ಹೇಳ್ತೀನಿ."

ಅಷ್ಟು ಹೇಳಿ, ಸೇವಂತಿಗೆ ಹಾರದ ಸಮೇತ ಗೇಟು ದಾಟಿದಳು. ನಾನು ಹಣ್ಣಿನ ತಟ್ಟೆಗಳನ್ನು ಅಲ್ಲೇ ಬಿಟ್ಟೆ. ಹುಡುಗ ಬಾಳೆಹಣ್ಣು ತಿಂದು ಎತ್ತರವಾಗಲಿ ಎಂದು ಹೇಳಬೇಕೆನ್ನಿಸಿತು, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದೆ.

ಅವಳು ಟೆಂಪೋಗೆ ಸೈಕಲ್ ಏರಿಸಲು ಒಪ್ಪಲಿಲ್ಲ. ಯಲಹಂಕದ ದಾರಿಯಲ್ಲಿ ಮುಂದೆ ಅವಳು, ಹಿಂದೆ ನಮ್ಮ ಕಾರು. ಸಂಬಂಧ ಹೋಯಿತು, ನಾಳೆ ಅಟ್ಟೂರಿನಲ್ಲಿ ಮುಖ ಹೇಗೆ ತೋರಿಸಲಿ ಎಂದು ಅಣ್ಣ ಶುರುಮಾಡುತ್ತಾನೆಂದು ನಾನು ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದೆ. ಅವನು ಎದುರಿನ ಗಾಜಿನ ಮೂಲಕ ಮಗಳನ್ನೇ ನೋಡುತ್ತಿದ್ದ.

"ನಾಗಿ, ಸೀಟು ಇನ್ನೊಂದ್ ಚೂರು ಎತ್ತುಸ್ಬೇಕಿತ್ತಾ ಅಂತ" ಎಂದ ಕೊನೆಗೆ. "ಕಾಲು ಇನ್ನೂ ಮಡಚ್ತಾವೆ ನೋಡು ಅವಳ್ವು."

ನಾನು ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು. ಬೆನ್ನು ಮಾತ್ರ ಹ್ಯಾಂಡಲ್ ಹಿಡಿಯಲು ಎಷ್ಟು ಬೇಕೋ ಅಷ್ಟೇ ಬಾಗಿತ್ತು.